ಬಾಲ್ಡರ್ಸ್ ಗೇಟ್ 3 ಕೊಳ್ಳಲೋ, ಹೈ-ಫೈ ರಶ್ ಕೊಳ್ಳಲೋ?

ದಾವಣಗೆರೆ ಹಾಸ್ಟೆಲ್‌ನಿಂದ ತಮ್ಮ ಕೇಳಿದ್ದಾನೆ: 2023ರ ಗೇಮ್‌ಗಳಲ್ಲಿ ಯಾವುದು ಕೊಳ್ಳಲಿ? ನನ್ನ ಮಟ್ಟಿಗೆ ಆ ವರ್ಷದ ಅತ್ಯುತ್ತಮ ಇವೆರಡೇ.

ಮೊದಲು ಜಾಗ ನೋಡಪ್ಪ. ಬಾಲ್ಡರ್ಸ್ ಗೇಟ್‌ಗೆ 150 ಜಿಬಿ ಬೇಕು. ಹೈ-ಫೈ ರಶ್‌ಗೆ 20 ಸಾಕು, ಬೆಲೆಯೂ ಕಡಿಮೆ. ಹಾಟ್‌ಸ್ಪಾಟ್‌ನಲ್ಲಿ ಡೌನ್‌ಲೋಡ್ ಮಾಡೋನಾದರೆ ಇದೇ ಸರಿ.

ಹೈ-ಫೈ ರಶ್‌ನಲ್ಲಿ ತಾಳಕ್ಕೆ ತಕ್ಕಂತೆ ಹೊಡೆಯಬೇಕು, ಪರೀಕ್ಷೆ ಹತ್ತಿರವಿದ್ದರೂ ವಾರಾಂತ್ಯದಲ್ಲಿ ಮುಗಿಯುತ್ತೆ. ಬಾಲ್ಡರ್ಸ್ ಗೇಟ್‌ಗೆ ತಿಂಗಳುಗಳೇ ಬೇಕು. ಆದರೆ ಅಲ್ಲಿ ಸರದಿ ಪ್ರಕಾರ ಕಾಳಗ. ಮಧ್ಯೆ ಎದ್ದು ಮಂಡಕ್ಕಿ-ಮಿರ್ಚಿ ತಿಂದು ಬಂದರೂ ಶತ್ರು ಕಾಯ್ತಾನೆ. ಹೆಣವನ್ನು ಮಾತಾಡಿಸೋ ಮಂತ್ರವೂ ಇದೆ: ನೀನೇ ಕೊಂದಿದ್ದರೆ ಅದು ಬಾಯಿ ಬಿಡಲ್ಲ, ವೇಷ ಬದಲಿಸಿ ಹೋದರೆ ಬಿಡುತ್ತೆ! ನಾಲ್ವರು ಗೆಳೆಯರು ಸೇರಿ ಆಡೋದಾದರೆ ಇದನ್ನೇ ತಗೋ.

ರಿಯಾಯಿತಿ ಕಂಡು ‘ದ ಲಾರ್ಡ್ ಆಫ್ ದ ರಿಂಗ್ಸ್: ಗೊಲಮ್’ ಅನ್ನೋ ಗೇಮ್ ಮಾತ್ರ ಕೊಳ್ಳಬೇಡ. ಆ ವರ್ಷದ ಅತಿ ಕೆಟ್ಟದ್ದು ಅದೇ. ಮಾಡಿದವರೇ ಕ್ಷಮೆ ಕೇಳಿದ್ದಾರೆ.