ನರ್ಸಿಂಗ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ: ವಿಜಯಪುರದಲ್ಲಿ ನನ್ನ ಎರಡು ವರ್ಷ ಹೋದದ್ದು ಹೀಗೆ

ಕಳೆದ ವಾರ ಕಾಕಾನ ಮಗಳು ಫೋನ್ ಮಾಡಿದ್ದಳು. ಈ ವರ್ಷ ಪಿಯುಸಿ ಆರ್ಟ್ಸ್ ಮುಗಿಸಿದ್ದಾಳೆ. 'ಅಕ್ಕಾ, ಮನಿಗೆ ಒಬ್ಬರು ಬಂದಿದ್ರು. ನರ್ಸಿಂಗ್ ಸೀಟ್ ಕೊಡಿಸ್ತೀನಿ ಅಂದಾರ. ಈಗ ಹತ್ತು ಸಾವಿರ ಕಟ್ಟಿದ್ರ ಸಾಕಂತ' ಎಂದಳು. ಅವಳು ಕಳಿಸಿದ ಪಾಂಪ್ಲೆಟ್ ಫೋಟೊ ನೋಡಿ ನನಗೆ ಎದೆ ಧಸಕ್ಕೆಂದಿತು. ಸಂಸ್ಥೆಯ ಹೆಸರು ಬೇರೆ, ಊರು ಬೇರೆ. ಒಳಗಿನ ಮಾತು ಮಾತ್ರ 2021ರಲ್ಲಿ ನನಗೆ ಹೇಳಿದ್ದೇ.

ನಮ್ಮದು ಇಂಡಿ ತಾಲೂಕಿನ ಹಳ್ಳಿ. ಆ ವರ್ಷ ಕೊರೊನಾದಿಂದಾಗಿ ಪಿಯುಸಿ ಪರೀಕ್ಷೆ ನಡೆಯಲಿಲ್ಲ, ಎಲ್ಲರನ್ನೂ ಪಾಸ್ ಮಾಡಿದರು. ನನಗೆ ನರ್ಸ್ ಆಗಬೇಕೆಂಬ ಆಸೆ ಮೊದಲಿನಿಂದಲೂ ಇತ್ತು, ಆದರೆ ಓದಿದ್ದು ಆರ್ಟ್ಸ್. ಏಜೆಂಟ್ ಬಂದು ಅಪ್ಪನ ಹತ್ತಿರ ಕೂತು ಹೇಳಿದ: 'ಆರ್ಟ್ಸ್ ಹುಡುಗ್ಯಾರಿಗೆ ಇದೊಂದ ದಾರಿ ಐತ್ರಿ. ಎರಡ ವರ್ಷದ ನರ್ಸಿಂಗ್ ಡಿಪ್ಲೊಮಾ. ಕೊರೊನಾ ಬಂದ ಮ್ಯಾಲ ಎಲ್ಲಾ ದವಾಖಾನಿಯವರೂ ನರ್ಸ್ ಬೇಕು ಅನ್ನಾಕತ್ತಾರ.' ಲಿಂಬೆ ಮಾರಿದ ದುಡ್ಡು ಮನೆಯಲ್ಲಿತ್ತು. ಅಪ್ಪ ಅದರಲ್ಲೇ ಮೊದಲ ವರ್ಷದ 45,000 ರೂಪಾಯಿ ಕಟ್ಟಿದ. ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲ ಒರಿಜಿನಲ್ಲೇ ತಗೊಂಡರು. ನಾವು ಜೆರಾಕ್ಸ್ ಕೊಡ್ತೀವಿ ಅನ್ನುವಷ್ಟು ಧೈರ್ಯ ಮಾಡಲಿಲ್ಲ.

ವಿಜಯಪುರದಲ್ಲಿ ಒಂದು ಅಂಗಡಿ ಸಾಲಿನ ಮೇಲಿನ ಮಹಡಿ. ಎರಡು ಕೋಣೆ, ಅಭ್ಯಾಸಕ್ಕೆ ಒಂದು ಬೊಂಬೆ, ಒಂದು ಹಳೆಯ ಮಂಚ. ಬೋರ್ಡಿನ ಮೇಲೆ ದೊಡ್ಡದಾಗಿ 'ನರ್ಸಿಂಗ್'. ನಮಗೆ ಬಿಳಿ ಡ್ರೆಸ್ ಹೊಲಿಸಿದರು. ಅದನ್ನು ಹಾಕಿಕೊಂಡ ಮೊದಲ ದಿನದ ಫೋಟೊ ಅವ್ವ ಇವತ್ತಿಗೂ ಇಟ್ಟುಕೊಂಡಿದ್ದಾಳೆ, ತೆಗಿ ಅಂದರೂ ತೆಗೆಯುವುದಿಲ್ಲ.

ಪಾಠಕ್ಕೆ ಒಬ್ಬರೇ ಸರ್. ಬಿಪಿ ನೋಡುವುದು, ಇಂಜೆಕ್ಷನ್ ಕೊಡುವುದು ಕಲಿಸಿದರು. ಮೂರು ತಿಂಗಳಾಗುತ್ತಲೇ ನಮ್ಮನ್ನು ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹಾಕಿದರು. ಅಲ್ಲಿದ್ದದ್ದು ಹನ್ನೆರಡು ಬೆಡ್. ರಾತ್ರಿ ಡ್ಯೂಟಿ ನಮ್ಮದೇ. ಬೆಡ್‌ಪ್ಯಾನ್ ತೆಗೆದೆವು, ನೆಲ ಒರೆಸಿದೆವು, ಸಲೈನ್ ಬಾಟಲಿ ಬದಲಿಸಿದೆವು. ಸಂಬಳ ಇಲ್ಲ, ಹೇಳಿಕೊಡುವವರೂ ಇಲ್ಲ. ಅದಕ್ಕೆ ಅವರು 'ಪೋಸ್ಟಿಂಗ್' ಎನ್ನುತ್ತಿದ್ದರು. ರೋಗಿಗೆ ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಯಾರನ್ನು ಹಿಡಿಯುತ್ತಿದ್ದರು ಅನ್ನುವುದನ್ನು ನೆನೆದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಪರೀಕ್ಷೆ ನಡೆದದ್ದು ಅದೇ ಕೋಣೆಯಲ್ಲಿ. ಪ್ರಶ್ನೆ ಬರೆದವರು ಅದೇ ಸರ್, ತಿದ್ದಿದವರೂ ಅವರೇ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ, ಸುಮ್ನೆ ನುಂಗಿಕೊಂಡೆ. ಅಷ್ಟು ಹೊತ್ತಿಗೆ ಅಪ್ಪ ಎರಡನೇ ವರ್ಷದ ದುಡ್ಡನ್ನೂ ಕಟ್ಟಿಯಾಗಿತ್ತು.

2023ರಲ್ಲಿ ಸರ್ಟಿಫಿಕೇಟ್ ಹಿಡಿದುಕೊಂಡು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಗೆ ಕೆಲಸ ಕೇಳಲು ಹೋದೆ. ಅಲ್ಲಿನ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಅದನ್ನು ಎರಡು ಸಲ ಓದಿದರು. 'ಕೌನ್ಸಿಲ್ ರಿಜಿಸ್ಟ್ರೇಶನ್ ನಂಬರ್ ಎಲ್ಲೈತವ್ವಾ?' ಎಂದರು. ನಾನು ಸರ್ಟಿಫಿಕೇಟಿನ ಕೆಳಗಿದ್ದ ನಂಬರ್ ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. ನನ್ನನ್ನು ಕೂರಿಸಿ, ನೀರು ಕೊಟ್ಟು, 'ತಂಗಿ, ಇದರ ಮ್ಯಾಲೆ ರಿಜಿಸ್ಟ್ರೇಶನ್ ಆಗೂದಿಲ್ಲ. ನೀ ಓದಿದ್ದು ಜಿಎನ್‌ಎಂ ಅಲ್ಲ' ಎಂದರು. ಜಿಎನ್‌ಎಂ ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ನರ್ಸ್ ಆಗಲು ಓದುವ ಡಿಪ್ಲೊಮಾ. ಅವತ್ತು ಅವರು ಅರ್ಧ ಗಂಟೆ ಹೇಳಿದ್ದನ್ನು ಎರಡು ವರ್ಷ ಮೊದಲೇ ಯಾರಾದರೂ ನಮ್ಮ ಹಳ್ಳಿಗೆ ಬಂದು ಹೇಳಿದ್ದರೆ! ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕೆಂದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿ ಆಗಬೇಕು. ಪಿಯುಸಿ ಆದವರು ರಿಜಿಸ್ಟರ್ಡ್ ನರ್ಸ್ ಆಗಲು ಇರುವುದು ಎರಡು ದಾರಿ. ಮೂರು ವರ್ಷದ ಜಿಎನ್‌ಎಂ, ಇಲ್ಲವೇ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಎರಡು ವರ್ಷದ ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ಅಂದರೆ ಊರಿಗೆ ಬರುವ ಆರೋಗ್ಯ ಸಹಾಯಕಿಯರು ಓದುವುದು) ಕೂಡ ಮಾನ್ಯತೆ ಇರುವ ಕೋರ್ಸೇ, ಅದಕ್ಕೂ ನೋಂದಣಿ ಇದೆ. ಆದರೆ ಅದು ಬೇರೆ ಹುದ್ದೆ, ಅದರಿಂದ ಸ್ಟಾಫ್ ನರ್ಸ್ ಆಗುವುದಿಲ್ಲ. ಪೇಷೆಂಟ್ ಕೇರ್, ಹೋಮ್ ನರ್ಸಿಂಗ್, ನರ್ಸಿಂಗ್ ಅಸಿಸ್ಟೆಂಟ್ ಅಂತ ಬರುವ ಕೋರ್ಸುಗಳು ಸಹಾಯಕರ ಕೆಲಸಕ್ಕೆ. ಹಾಗಂತ ಮೊದಲೇ ಹೇಳಿ ಕಲಿಸುವವರ ಬಗ್ಗೆ ನನ್ನ ತಕರಾರಿಲ್ಲ. ನರ್ಸ್ ಮಾಡ್ತೀವಿ ಅಂತ ಹೇಳಿ ಅದನ್ನು ಕೊಡುವುದು ಮೋಸ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟವಾದದ್ದು ಇನ್ನೊಂದು ಮಾತಿಗೆ. ಬಿಎಸ್ಸಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು, ನಿಜ. ಜಿಎನ್‌ಎಂಗೆ ಹಾಗಿಲ್ಲ. ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಇಂಗ್ಲಿಷ್ ಇರಬೇಕು, 40 ಪರ್ಸೆಂಟ್ ಇರಬೇಕು. ಅಂದರೆ ಆ ಏಜೆಂಟ್ ನಮ್ಮ ಮನೆಯಲ್ಲಿ ಕೂತು 'ಇದೊಂದ ದಾರಿ' ಎಂದ ದಿನವೇ ನನಗೆ ನೆಟ್ಟಗಿನ ದಾರಿ ತೆರೆದಿತ್ತು.

ಹಾಗಾಗಿ ಯಾವುದೇ ಸ್ಕೂಲಿಗೆ ಹೋದರೂ ಮೊದಲು ಕೇಳಬೇಕಾದದ್ದು, ಪರೀಕ್ಷೆ ಯಾರು ನಡೆಸುತ್ತಾರೆ ಅಂತ. ಜಿಎನ್‌ಎಂ ಆದರೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಎನ್ನಬೇಕು. ಬಿಎಸ್ಸಿ ಆದರೆ ಹೆಚ್ಚಿನ ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಡೀಮ್ಡ್ ವಿಶ್ವವಿದ್ಯಾಲಯದ್ದಾದರೆ ಆ ವಿಶ್ವವಿದ್ಯಾಲಯವೇ ನಡೆಸುತ್ತದೆ. 'ದಿಲ್ಲಿ ಬೋರ್ಡ್', 'ಆಲ್ ಇಂಡಿಯಾ ಕೌನ್ಸಿಲ್' ಎಂದು ಏನೇನೋ ಹೇಳಿದರೆ ದುಡ್ಡು ಚೀಲದಲ್ಲೇ ಇರಲಿ. ಈ ವರ್ಷದ ಮಾನ್ಯತೆ ಪತ್ರ ತೋರಿಸಿ ಎನ್ನಿ, ಸೀಟು ಎಷ್ಟು ಎಂದು ಅದರಲ್ಲೇ ಓದಿ. ಅದಕ್ಕಿಂತಲೂ ಒಳ್ಳೆಯ ಉಪಾಯ ಹೋದ ವರ್ಷ ಪಾಸಾದ ಇಬ್ಬರು ಹುಡುಗಿಯರನ್ನು ಹುಡುಕುವುದು. ಅವರ ಕೌನ್ಸಿಲ್ ಸರ್ಟಿಫಿಕೇಟ್ ಕಣ್ಣಾರೆ ನೋಡಿ. ನಮ್ಮ ಸಂಸ್ಥೆಯವರಿಗೆ ಅಪ್ಪ ಈ ಒಂದು ಮಾತು ಕೇಳಿದ್ದರೂ ಸಾಕಿತ್ತು.

ಮಾನ್ಯತೆ ಇದ್ದ ಮಾತ್ರಕ್ಕೆ ಸೇರಿಬಿಡಬೇಡಿ. ನನ್ನ ಗೆಳತಿಯೊಬ್ಬಳು ಜಮಖಂಡಿ ಕಡೆಯವಳು. ಅವಳ ಕಾಲೇಜಿಗೆ ಮಾನ್ಯತೆ ಇತ್ತು. ಆದರೆ 'ದಿನಾ ಬರೂದು ಬ್ಯಾಡ, ಪರೀಕ್ಷಾಕ ಬಂದ್ರ ಸಾಕು' ಎಂದಿದ್ದರು. ಪರೀಕ್ಷೆಗೆ ಕೂರಲು ಬೇಕಾದ 80 ಪರ್ಸೆಂಟ್ ಹಾಜರಾತಿ ಕಾಗದದಲ್ಲಿ ತುಂಬಿತು, ಅವಳ ಕೈಗೆ ಕೆಲಸ ಹತ್ತಲಿಲ್ಲ. ಡಿಗ್ರಿ ಬಂತು, ನೋಂದಣಿಯೂ ಆಯಿತು. ಮೊದಲ ಕೆಲಸದಲ್ಲಿ ಒಂದು ಮಗುವಿಗೆ ಕ್ಯಾನುಲಾ (ಸಲೈನ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಲು ಹೇಳಿದಾಗ ಅವಳ ಕೈ ನಡುಗಿತು. ಹೊರಗೆ ಬಂದು ಅತ್ತಳು. ಅವಳ ತಪ್ಪೇನಿದೆ ಹೇಳಿ? ಆದ್ದರಿಂದ ಕಾಲೇಜು ಕಟ್ಟಡ ನೋಡಿ ಬರಬೇಡಿ, ಅವರ ಆಸ್ಪತ್ರೆ ನೋಡಿ. ಬೆಳಿಗ್ಗೆ ಒಪಿಡಿ ಹೊತ್ತಿಗೆ ಹೋಗಿ. ವಾರ್ಡಿನಲ್ಲಿ ರೋಗಿಗಳಿದ್ದಾರಾ, ಹೆರಿಗೆ ಆಗುತ್ತವಾ, ವಿದ್ಯಾರ್ಥಿಗಳ ಜೊತೆ ಟೀಚರ್ ನಿಂತಿರುತ್ತಾರಾ, ನೋಡಿ. ಜಿಲ್ಲಾ ಆಸ್ಪತ್ರೆಗೂ ಪೋಸ್ಟಿಂಗ್ ಕಳಿಸುತ್ತೇವೆ ಎಂದರೆ ಅಲ್ಲಿನ ಸಿಸ್ಟರ್‌ಗಳನ್ನೇ ಕೇಳಿ, ಈ ಕಾಲೇಜಿನವರು ಬರ್ತಾರಾ ಅಂತ. ನಿಜ ಹೇಳುತ್ತಾರೆ.

ಒರಿಜಿನಲ್ ಕಾಗದ ಮಾತ್ರ ಯಾರ ಕೈಯಲ್ಲೂ ಬಿಡಬೇಡಿ. ತೋರಿಸಿ, ಪರಿಶೀಲನೆ ಆದ ಮೇಲೆ ವಾಪಸ್ ತಗೊಳ್ಳಿ. ನನ್ನ ಮಾರ್ಕ್ಸ್ ಕಾರ್ಡು ಕೊಡಲು 30,000 ಕೇಳಿದರು. ನಮ್ಮೂರಿನ ನಿವೃತ್ತ ಹೆಡ್‌ಮಾಸ್ತರರು ಅಪ್ಪನ ಜೊತೆ ಬಂದು ಬೆಳಿಗ್ಗೆಯಿಂದ ಸಂಜೆತನಕ ಆ ಮೆಟ್ಟಿಲ ಮೇಲೆ ಕೂತರು. ಪೊಲೀಸ್ ಕಂಪ್ಲೇಂಟ್ ಬರೆದು ಕೈಯಲ್ಲಿ ಹಿಡಿದಿದ್ದರು. ಆಮೇಲೆ ಕೊಟ್ಟರು. ಫೀ ಒಂದು ರೂಪಾಯಿಯೂ ತಿರುಗಿ ಬರಲಿಲ್ಲ, ಏಕೆಂದರೆ ನಮ್ಮ ಹತ್ತಿರ ಇದ್ದದ್ದು ಸಹಿ ಇಲ್ಲದ ಚೀಟಿ.

ಅದೇ ವರ್ಷ ಬಾಗಲಕೋಟೆಯಲ್ಲಿ ಜಿಎನ್‌ಎಂ ಸೇರಿದೆ. ಈಗ ಕೊನೆಯ ವರ್ಷ. ಇಲ್ಲಿ ಮೊದಲ ಸಲ ಹೆರಿಗೆ ವಾರ್ಡಿನಲ್ಲಿ ಮೇಡಂ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಕಲಿಸಿದರು. ಅವತ್ತು ಅವ್ವನಿಗೆ ಫೋನ್ ಮಾಡಿ ಎಷ್ಟೋ ಹೊತ್ತು ಮಾತಾಡಿದೆ.

ಕಾಕಾನ ಮಗಳು ಇನ್ನೂ ದುಡ್ಡು ಕಟ್ಟಿಲ್ಲ. ಏಜೆಂಟ್‌ಗೆ ಫೋನ್ ಮಾಡಿ ಪರೀಕ್ಷೆ ಯಾರು ನಡೆಸ್ತಾರೆ ಅಂತ ಕೇಳಲು ಹೇಳಿದ್ದೆ. ಸೋಮವಾರ ಹೇಳ್ತೀನಿ ಎಂದನಂತೆ. ಸೋಮವಾರ ಕಾಕಾನ ಜೊತೆ ಅವಳು ಬಾಗಲಕೋಟೆಗೆ ಬರುತ್ತಿದ್ದಾಳೆ, ನಮ್ಮ ವಾರ್ಡ್ ನೋಡಲು.