ಹೋಮರ್ 7: ಕಟ್ಟಾದ ಕರೆಯ ಜಾಡು ಹಿಡಿಯುವ ತಂತ್ರಾಂಶ

ಕಚೇರಿಯ ಇಂಟರ್ನೆಟ್ ಫೋನ್ ಬಗ್ಗೆ ಬರುವ ದೂರುಗಳು ಹೆಚ್ಚುಕಡಿಮೆ ಮೂರೇ: ಕರೆ ನಡುವೆ ಕಟ್ಟಾಯಿತು, ಆ ಕಡೆಯವರ ಮಾತು ಕೇಳಿಸಲಿಲ್ಲ, ದನಿ ಒಡೆದು ಬಂತು. ಮೊದಲೆರಡಕ್ಕೆ ಹೋಮರ್ 7 ಒಳ್ಳೆಯ ಮದ್ದು. ಮೂರನೆಯದಕ್ಕೆ ಅರ್ಧ ಮದ್ದು.

ಇದು ಓಪನ್ ಸೋರ್ಸ್. ಹೆಪ್ಲಿಫೈ ಎಂಬ ಪುಟ್ಟ ಏಜೆಂಟ್ ಎಸ್‌ಐಪಿ (ಇಂಟರ್ನೆಟ್ ಕರೆ ಶುರುಮಾಡಿ ಮುಗಿಸುವ ಭಾಷೆ) ಸಂದೇಶಗಳನ್ನು ಹಿಡಿದು, ಹೆಪ್ ಪ್ರೋಟೋಕಾಲ್‌ನಲ್ಲಿ ಸುತ್ತಿ, ಸರ್ವರ್‌ನ 9060ನೇ ಪೋರ್ಟ್‌ಗೆ ಕಳಿಸುತ್ತದೆ. ಅವು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕೂರುತ್ತವೆ. 9080ನೇ ಪೋರ್ಟ್‌ನ ವೆಬ್ ಪುಟದಲ್ಲಿ ನಂಬರ್ ಕೊಟ್ಟು ಹುಡುಕಿದರೆ ಇಡೀ ಕರೆ ಏಣಿಚಿತ್ರವಾಗಿ (ಯಾರು ಯಾರಿಗೆ ಯಾವಾಗ ಏನು ಕಳಿಸಿದರು ಎಂಬ ಬಾಣಗಳ ಚಿತ್ರ) ಬಿಚ್ಚಿಕೊಳ್ಳುತ್ತದೆ.

ಏಜೆಂಟ್ ಎಲ್ಲಿಡಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುವುದು. ಸ್ವಿಚ್‌ನ ಸಂಚಾರದ ನಕಲು ಸಿಗುವ ಮಿರರ್ ಪೋರ್ಟ್‌ನಲ್ಲಿಟ್ಟರೆ ಟಿಎಲ್‌ಎಸ್ ಮೂಲಕ ಬರುವ ಕರೆಗಳು ಗೂಢಲಿಪಿಯಲ್ಲೇ ಉಳಿಯುತ್ತವೆ, ಓದಲಾಗದು. ಅದಕ್ಕಿಂತ ಪಿಬಿಎಕ್ಸ್‌ನಿಂದಲೇ (ಕಚೇರಿಯ ಕರೆಗಳನ್ನು ಜೋಡಿಸುವ ಯಂತ್ರ) ಅಥವಾ ಎಸ್‌ಐಪಿ ಸರ್ವರ್‌ನಿಂದಲೇ ಕಳಿಸುವುದು ಮೇಲು: ಆಸ್ಟೆರಿಸ್ಕ್ ಎಂಬ ಪಿಬಿಎಕ್ಸ್ ತಂತ್ರಾಂಶದಲ್ಲಿ ಹೆಪ್ ಮಾಡ್ಯೂಲ್‌ಗಳಿವೆ, ಕಮೈಲಿಯೋ ಎಂಬ ಎಸ್‌ಐಪಿ ಸರ್ವರ್‌ನಲ್ಲಿ ಸಿಪ್‌ಟ್ರೇಸ್ ಮಾಡ್ಯೂಲ್ ಇದೆ. ಅಲ್ಲಿ ಸಂದೇಶ ಬಿಡಿಸಿದ ರೂಪದಲ್ಲೇ ಸಿಗುತ್ತದೆ. ಎಲ್ಲ ಯಂತ್ರಗಳ ಗಡಿಯಾರ ಎನ್‌ಟಿಪಿಯಿಂದ ಹೊಂದಿರಲಿ. ಇಲ್ಲದಿದ್ದರೆ ಏಣಿಯಲ್ಲಿ ಉತ್ತರ ಪ್ರಶ್ನೆಗಿಂತ ಮೊದಲು ಕಾಣುತ್ತದೆ.

ಇದರ ನಿಜವಾದ ಬೆಲೆ ತಿಳಿಯುವುದು 32 ಸೆಕೆಂಡಿಗೆ ಸರಿಯಾಗಿ ಕಟ್ಟಾಗುವ ಕರೆಯಲ್ಲಿ. ಏಣಿಯಲ್ಲಿ 200 ಓಕೆ (ಕರೆ ಎತ್ತಿದೆ ಎಂಬ ಉತ್ತರ) ಒಂದೇ ಸಲ ಬರಬೇಕು. ಇಲ್ಲಿ ಅರ್ಧ, ಒಂದು, ಎರಡು, ಆಮೇಲೆ ನಾಲ್ಕು ನಾಲ್ಕು ಸೆಕೆಂಡಿನ ಅಂತರದಲ್ಲಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಕರೆ ಮುಗಿಸುವ ಬೈ. ಕರೆ ಎತ್ತಿದ ಕಡೆಗೆ ಎಸಿಕೆ (200 ಓಕೆ ಸಿಕ್ಕಿತು ಎಂಬ ಮರುಸಂದೇಶ) ತಲುಪಿಲ್ಲ ಎಂದರ್ಥ. ಆ 200 ಓಕೆ ತೆರೆದು, ಎಸಿಕೆ ಹೋಗಬೇಕಾದ ವಿಳಾಸವಿರುವ ಕಾಂಟ್ಯಾಕ್ಟ್ ಸಾಲು ನೋಡಿ. ಅಲ್ಲಿ 192.168ರಿಂದ ಶುರುವಾಗುವ ಒಳಗಿನ ವಿಳಾಸವಿದ್ದರೆ ಎಸಿಕೆ ದಾರಿ ತಪ್ಪಿದ್ದು ಅಲ್ಲೇ. ರೂಟರ್‌ನ ಎಸ್‌ಐಪಿ ಎಎಲ್‌ಜಿಯನ್ನು (ಸಂದೇಶದೊಳಗಿನ ವಿಳಾಸ ತಿದ್ದುವ ಸೌಲಭ್ಯ) ಆಫ್ ಮಾಡಿ, ಪಿಬಿಎಕ್ಸ್‌ಗೆ ಹೊರಗಿನ ವಿಳಾಸ ತಿಳಿಸಿ. ಒಂದೇ ಕಡೆ ದನಿ ಬರುವ ದೂರಿಗೂ ಬಹಳ ಸಲ ಇದೇ ಮೂಲ. ಆಗ ನೋಡಬೇಕಾದ್ದು ದನಿಯನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವ ಎಸ್‌ಡಿಪಿ ಭಾಗದ ಸಿ ಸಾಲು. ಕರೆ 15 ಅಥವಾ 30 ನಿಮಿಷಕ್ಕೆ ಸರಿಯಾಗಿ ಕಟ್ಟಾದರೆ ಕರೆ ಇನ್ನೂ ಜೀವಂತವೇ ಎಂದು ಆಗಾಗ ಪರೀಕ್ಷಿಸುವ ಸೆಷನ್ ಟೈಮರ್ ಕಡೆ ತಿರುಗಿ.

ಇನ್ನು ಒಡೆದ ದನಿ. ಹೋಮರ್ ತಾನಾಗಿ ಮಾತಿನ ಗುಣಮಟ್ಟ ಅಳೆಯುವುದಿಲ್ಲ, ದನಿ ಹೇಗೆ ತಲುಪುತ್ತಿದೆ ಎಂದು ಫೋನ್‌ಗಳು ಕಳಿಸುವ ಆರ್‌ಟಿಸಿಪಿ ವರದಿಯನ್ನು ತೋರಿಸುತ್ತದೆ. ಫೋನ್ ಕಳಿಸದಿದ್ದರೆ ಗ್ರಾಫ್ ಖಾಲಿ. ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು: ವರದಿಯ ಜಿಟರ್ (ಪ್ಯಾಕೆಟ್‌ಗಳು ಬರುವ ವೇಳೆಯ ಏರುಪೇರು) ಮಿಲಿಸೆಕೆಂಡಿನಲ್ಲಿರುವುದಿಲ್ಲ. ಜಿ.711 ಎಂಬ ದನಿ ಕೋಡೆಕ್‌ಗೆ 8ರಿಂದ ಭಾಗಿಸಬೇಕು. 240 ಎಂದು ಕಂಡದ್ದು 30 ಮಿಲಿಸೆಕೆಂಡ್. ಪ್ಯಾಕೆಟ್ ನಷ್ಟದ ಭಾಗ 256ರಲ್ಲಿ ಎಷ್ಟು ಎಂಬ ಲೆಕ್ಕ. 13 ಎಂದರೆ ಸುಮಾರು ಶೇ 5, ಇದು ಕಿವಿಗೆ ಗೊತ್ತಾಗುವಷ್ಟು ಕೆಟ್ಟದ್ದು. ಯಾವ ಸ್ವಿಚ್ ಪ್ಯಾಕೆಟ್ ನುಂಗಿತು ಎಂಬುದು ಮಾತ್ರ ಇಲ್ಲಿ ಸಿಗದು. ಅದಕ್ಕೆ ಜಬ್ಬಿಕ್ಸ್‌ನಂಥ, ಜಾಲದ ಸಾಧನಗಳ ಅಂಕಿಗಳನ್ನು ಎಸ್‌ಎನ್‌ಎಂಪಿ ಮೂಲಕ ಓದುವ ತಂತ್ರಾಂಶ ಜೊತೆಗಿರಲೇಬೇಕು.

ಡಿಸ್ಕ್ ತುಂಬಿಸುವುದು ಕರೆಗಳಲ್ಲ, ರಿಜಿಸ್ಟರ್ ಸಂದೇಶಗಳು. 200 ಫೋನ್‌ಗಳು ನಿಮಿಷಕ್ಕೊಮ್ಮೆ ನೋಂದಾಯಿಸಿಕೊಂಡು, ಪ್ರತಿ ಸಲ ಪಾಸ್‌ವರ್ಡ್ ಕೇಳುವ 401 ಸವಾಲೂ ಸೇರಿ ನಾಲ್ಕು ಸಂದೇಶವಾದರೆ ದಿನಕ್ಕೆ 11,52,000 ಸಾಲು. ಕರೆ, ನೋಂದಣಿ, ಉಳಿದವು ಬೇರೆ ಬೇರೆ ಟೇಬಲ್‌ಗಳಲ್ಲಿರುವುದರಿಂದ ಎಷ್ಟು ದಿನ ಉಳಿಸಬೇಕೆಂದು ಬೇರೆ ಬೇರೆಯಾಗಿ ಹೇಳಬಹುದು. ನೋಂದಣಿಗೆ ಎರಡು ದಿನ ಸಾಕು, ಕರೆಗೆ ಎರಡು ವಾರವಾದರೂ ಇರಲಿ.

ಬೇಸರ ತರಿಸುವ ಸಂಗತಿ ಒಂದಿದೆ. ಆಸ್ಟೆರಿಸ್ಕ್ ಕರೆಯನ್ನು ಎರಡು ತುಂಡು ಮಾಡಿ ಎರಡು ಕಾಲ್-ಐಡಿ (ಕರೆಯ ಗುರುತು) ಕೊಡುತ್ತದೆ, ಹಾಗಾಗಿ ಒಳಬಂದದ್ದೂ ಹೊರಹೋದದ್ದೂ ಬೇರೆ ಬೇರೆ ಕರೆಗಳಂತೆ ಕಾಣುತ್ತವೆ. ಎರಡನೆಯ ತುಂಡಿಗೆ ಎಕ್ಸ್-ಸಿಐಡಿ ಹೆಡರ್‌ನಲ್ಲಿ ಮೊದಲಿನ ಐಡಿ ಸೇರಿಸಿ, ಸರ್ವರ್‌ಗೂ ಆ ಹೆಡರ್ ತಿಳಿಸಿದರೆ ಎರಡೂ ಕೂಡುತ್ತವೆ. ಇದನ್ನು ಮೊದಲ ದಿನವೇ ಮಾಡಿಬಿಡಿ. ಎಚ್ಚರಿಕೆ ಗಂಟೆ ಬೇಕಿದ್ದರೆ ಸರ್ವರ್‌ನ ಅಂಕಿಗಳನ್ನು ಪ್ರೊಮಿಥಿಯಸ್ ಎಂಬ ಮೇಲ್ವಿಚಾರಣಾ ತಂತ್ರಾಂಶಕ್ಕೆ ಕೊಟ್ಟು, 503 (ಸೇವೆ ಲಭ್ಯವಿಲ್ಲ) ಮತ್ತು 408 (ಸಮಯ ಮೀರಿತು) ಉತ್ತರಗಳು ದಿಢೀರನೆ ಏರಿದಾಗ ಸೂಚನೆ ಬರುವಂತೆ ಕಟ್ಟಿಕೊಳ್ಳಬೇಕು.

ಡಿಟಿಎಂಎಫ್ ಅನ್ನು (ಕರೆಯ ನಡುವೆ ಒತ್ತಿದ ಕೀಲಿಗಳ ಸಂಕೇತ) ಎಸ್‌ಐಪಿ ಇನ್ಫೋ ಸಂದೇಶದ ಮೂಲಕ ಕಳಿಸುವ ಫೋನ್‌ಗಳಿದ್ದರೆ, ಜನ ಒತ್ತಿದ ಪಿನ್ ಕೂಡ ಡೇಟಾಬೇಸ್ ಸೇರುತ್ತದೆ. ಆದ್ದರಿಂದ ಮೊದಲಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸದೆ, 9080ನೇ ಪೋರ್ಟನ್ನು ಒಳಜಾಲಕ್ಕಷ್ಟೇ ಸೀಮಿತಗೊಳಿಸದೆ ಇದನ್ನು ಚಾಲು ಮಾಡಬೇಡಿ.