ಪ್ಯಾನೆಲ್‌ಗೆ ಫ್ಯಾನ್ ಹಾಕಿಸುವವರು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ

ಚಿಕ್ಕಮಗಳೂರು ಕಡೆ ಕಾಫಿ ಸಿಪ್ಪೆ ತೆಗೆಯುವ ಹಲ್ಲರ್, ಪಲ್ಪರ್ ಅಂತ ಡ್ರೈವ್ ಪ್ಯಾನೆಲ್ (ಮೋಟಾರ್ ವೇಗ ಹಿಡಿತದಲ್ಲಿಡುವ ಡ್ರೈವ್ ಕೂರಿಸಿದ ಕರೆಂಟ್ ಪೆಟ್ಟಿಗೆ) ಇಟ್ಟುಕೊಂಡಿರುವ ಎಲ್ಲರಿಗೂ ಹೇಳುತ್ತಿದ್ದೇನೆ. ಪ್ಯಾನೆಲ್ ಬಿಸಿಯಾಗುತ್ತೆ ಅಂತ ಯಾರನ್ನಾದರೂ ಕರೆಸಿದರೆ, ಗಾಳಿ ಎಲ್ಲಿಂದ ಒಳಗೆ ಬರುತ್ತೆ, ಎಲ್ಲಿಂದ ಆಚೆ ಹೋಗುತ್ತೆ ಅಂತ ಮೊದಲು ಕೇಳಿ. ನೆಟ್ಟಗೆ ಉತ್ತರ ಬರಲಿಲ್ಲ ಅಂದರೆ ಒಂದು ರೂಪಾಯಿ ಕೊಡಬೇಡಿ.

ನಮ್ಮದು ಬೇಲೂರು ರಸ್ತೆ ಕಡೆ ಸಣ್ಣ ಹಲ್ಲಿಂಗ್ ಯೂನಿಟ್. ನಮ್ಮ ತೋಟದ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಜೊತೆಗೆ ಅಕ್ಕಪಕ್ಕದವರದ್ದೂ ಮಾಡಿಕೊಡುತ್ತೇವೆ. 15 ಎಚ್‌ಪಿ ಮೋಟಾರ್, ಅದಕ್ಕೊಂದು ಡ್ರೈವ್. ಮಾರ್ಚ್ ಬಂತು ಅಂದರೆ ತಗಡಿನ ಶೆಡ್ ಒಳಗೆ ಹೇಗಿರುತ್ತೆ ನಿಮಗೇ ಗೊತ್ತು. ಮಧ್ಯಾಹ್ನ ಆಗುತ್ತಿದ್ದ ಹಾಗೆ ಓವರ್‌ಹೀಟ್ ಅಂತ ತೋರಿಸಿ ಟ್ರಿಪ್. ಆರಲಿ ಅಂತ ಕಾಯಬೇಕು, ಮತ್ತೆ ಹಾಕಬೇಕು, ಮತ್ತೆ ಟ್ರಿಪ್.

ಟೌನಿನಲ್ಲಿ ಪ್ಯಾನೆಲ್ ಕೆಲಸ ಮಾಡುವ ಒಬ್ಬರನ್ನು ಕರೆಸಿದೆ. ಹೆಸರು ಬರೆಯುವುದಿಲ್ಲ. ಬಂದರು, ಬಾಗಿಲು ತೆಗೆದರು, ಕೈ ಇಟ್ಟು ನೋಡಿದರು. "ಅಣ್ಣಾ, ಎರಡು ಫ್ಯಾನ್ ಹಾಕಿಬಿಟ್ರೆ ಐಸ್ ಥರ ಇರುತ್ತೆ. ಬಾಲ್ ಬೇರಿಂಗ್, ಮೆಟಲ್ ಬಾಡಿ, ಒಳ್ಳೆ ಕಂಪನಿದು ಹಾಕ್ತೀನಿ" ಅಂದರು. ಡ್ರೈವ್ ಎಷ್ಟು ಶಾಖ ಬಿಡುತ್ತೆ ಅಂತ ಲೆಕ್ಕ ಇಲ್ಲ, ಅಳತೆ ಇಲ್ಲ. ಪೂರ್ತಿ ದುಡ್ಡು ಮೊದಲೇ ಬೇಕು ಅಂದರು. ಸೀಸನ್ ಅಲ್ವಾ, ಮೂಟೆಗಳು ಬಾಗಿಲವರೆಗೂ ಬಂದು ಕೂತಿದ್ದವು. ಕೊಟ್ಟೆ. ನಾನು ಪಲ್ಪರ್ ಕಡೆ ಹೋಗಿ ಬರುವಷ್ಟರಲ್ಲಿ ತೂತು ಕೊರೆದು ಫ್ಯಾನ್ ಕೂರಿಸಿ ಆಗಿತ್ತು. ಫ್ಯಾನ್ ಬಂದ ಡಬ್ಬ ಎಲ್ಲಿ ಅಂದರೆ "ವ್ಯಾನ್‌ನಲ್ಲಿದೆ ಅಣ್ಣಾ."

ಮಾರನೇ ದಿನ ಮಧ್ಯಾಹ್ನ ಮತ್ತೆ ಟ್ರಿಪ್! ಫೋನ್ ಮಾಡಿದೆ.

"ಫ್ಯಾನ್ ತಿರುಗ್ತಿದೆ ಅಲ್ವಾ?"

ತಿರುಗುತ್ತಿದೆ ಅಂದೆ.

"ಮತ್ತೆ ಇನ್ನೇನು ಬೇಕು?"

ಇದೇ ಮಾತು. ಎಷ್ಟು ಸಲ ಫೋನ್ ಮಾಡಿದರೂ ಇದೇ ಮಾತು. ತಿರುಗ್ತಿದೆ ಅಲ್ವಾ, ತಿರುಗ್ತಿದೆ ಅಲ್ವಾ. ಆಮೇಲೆ ನಿಮ್ಮ ಲೈನ್ ವೋಲ್ಟೇಜ್ ಸರಿ ಇಲ್ಲ ಅಂದರು. ಆಮೇಲೆ ನೀವು ಮೆಷಿನ್ ಜಾಸ್ತಿ ಓಡಿಸ್ತೀರಿ ಅಂದರು. ಕೊನೆಗೆ "ಬಾಗಿಲು ತೆಗೆದಿಟ್ಟು ಓಡಿಸಿ ರೀ." ಕಾಫಿ ಹೊಟ್ಟು ಹಾರಾಡುವ ಶೆಡ್‌ನಲ್ಲಿ, ಕರೆಂಟ್ ಇರುವ ಪ್ಯಾನೆಲ್ ಬಾಗಿಲು ತೆಗೆದಿಟ್ಟು ಓಡಿಸಬೇಕಂತೆ! ಹುಡುಗರು ಓಡಾಡುವ ಜಾಗ ಅದು. ಅಣ್ಣಾ ಅಣ್ಣಾ ಅಂತಿದ್ದವರು ದುಡ್ಡು ಕೈಸೇರಿದ ಮೇಲೆ ರೀ ಅನ್ನೋಕೆ ಶುರು ಮಾಡಿದ್ದರು.

ಅತ್ತ ಚೆರ್ರಿ ತಂದವರು ಜಗುಲಿ ಮೇಲೆ ಕೂತು ಕಾಯುತ್ತಿದ್ದಾರೆ. ಅವರಲ್ಲೊಬ್ಬ ಹಿರಿಯರು ಏನೂ ಅನ್ನಲಿಲ್ಲ, ಮೂಟೆಗಳನ್ನು ವಾಪಸ್ ಜೀಪಿಗೆ ಹಾಕಿಸಿಕೊಂಡು ಹೋದರು. ಬೈದಿದ್ದರೂ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಹಾಸನದಿಂದ ನಮ್ಮ ನೆಂಟರ ಹುಡುಗ ಬಂದ, ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಕೆಲಸ. ಮೆಷಿನ್ ನಿಲ್ಲಿಸಿ, ಕಾಫಿ ಹೊಟ್ಟನ್ನೆಲ್ಲ ಗುಡಿಸಿಸಿ, ಫ್ಯಾನ್ ಮಾತ್ರ ಹಾಕಿ ಒಂದು ಊದುಬತ್ತಿ ಹಚ್ಚಿ ಪ್ಯಾನೆಲ್ ಪಕ್ಕ ಹಿಡಿದ. ಎರಡು ಫ್ಯಾನೂ ಮೇಲ್ಗಡೆ, ಒಂದೇ ಪಕ್ಕದಲ್ಲಿ, ನಡುವೆ ಒಂದು ಗೇಣು ಜಾಗ. ಹೊಗೆ ಒಂದು ಫ್ಯಾನಿನಲ್ಲಿ ಒಳಗೆ ಹೋಯಿತು, ಪಕ್ಕದ ಫ್ಯಾನಿನಿಂದ ಹಾಗೇ ಆಚೆ ಬಂತು. ಕೆಳಗಿರುವ ಡ್ರೈವ್ ಕಡೆ ಒಂದೆಳೆ ಹೊಗೆಯೂ ಇಳಿಯಲಿಲ್ಲ. ಡ್ರೈವ್ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಕೂತಿತ್ತು. ಅದರ ಕೆಳಗೆ ವೈರ್ ಡಕ್ಟ್‌ಗೂ (ವೈರ್ ಹಾಯಿಸುವ ಪ್ಲಾಸ್ಟಿಕ್ ದೋಣಿ) ಅದಕ್ಕೂ ಎರಡು ಬೆರಳು ಸಂದಿ. ಡ್ರೈವ್ ಜೊತೆ ಬಂದ ಪುಸ್ತಕದಲ್ಲಿ ಮೇಲೆ ಕೆಳಗೆ 100 ಮಿಲಿಮೀಟರ್ ಬಿಡಿ ಅಂತ ಚಿತ್ರ ಸಮೇತ ಇದೆ.

ಅಲ್ಲಿಗೇ ಮುಗಿಯಲಿಲ್ಲ. ಒಂದು ಫ್ಯಾನಿನ ಜಾಲರಿ ಬಿಚ್ಚಿದ. ರೆಕ್ಕೆಗಳ ಮುಂಭಾಗ ಒರೆಸಿ ಫಳಫಳ. ಬುಡದಲ್ಲಿ, ಬೆರಳು ಹೋಗದ ಸಂದಿಯಲ್ಲಿ, ಎಣ್ಣೆ ಧೂಳು ಕಪ್ಪಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸ್ಕ್ರೂ ತೂತಿನ ಸುತ್ತ ಹಳೇ ವಾಷರ್ ಕೂತ ಗುರುತು. ಲೇಬಲ್ ಕೆರೆದು ಹಾಕಿದ್ದಾರೆ. ಯಾರದೋ ಪ್ಯಾನೆಲ್‌ನಿಂದ ಬಿಚ್ಚಿದ ಫ್ಯಾನ್, ನನಗೆ ಹೊಸದರ ರೇಟು! ಕೈಯೆಲ್ಲ ನಡುಗಿತು ನನಗೆ.

ಫೋಟೊ ಕಳಿಸಿದೆ. "ಸ್ಟಾಕ್‌ನಲ್ಲಿ ಇಟ್ಟಿದ್ದು, ಧೂಳು ಕೂತಿರುತ್ತೆ" ಅಂತ ಮೆಸೇಜ್ ಬಂತು. ಎಣ್ಣೆ ಹೇಗೆ ಬಂತು ಅಂತ ಕೇಳಿದೆ. ಆ ಮೆಸೇಜ್ ಡಿಲೀಟ್ ಆಯಿತು. ಬಿಲ್ ಕೇಳಿದೆ. ನಂಬರ್ ಬ್ಲಾಕ್.

ಲೆಕ್ಕ ಏನು ದೊಡ್ಡದಲ್ಲ, ಹುಡುಗ ಒಂದು ಚೀಟಿಯಲ್ಲಿ ಬರೆದು ತೋರಿಸಿದ. 15 ಎಚ್‌ಪಿ ಅಂದರೆ 11 ಕಿಲೋವ್ಯಾಟ್. ಡ್ರೈವ್ ಅದರಲ್ಲಿ ಸುಮಾರು ಶೇಕಡ 3 ಶಾಖವಾಗಿ ಬಿಡುತ್ತೆ, ಹತ್ತಿರ ಹತ್ತಿರ 330 ವ್ಯಾಟ್. ಶೆಡ್‌ನಲ್ಲಿ 35 ಡಿಗ್ರಿ ಇದ್ದರೆ ಪ್ಯಾನೆಲ್ ಒಳಗೆ 45 ದಾಟಬಾರದು, ಅಂದರೆ ವ್ಯತ್ಯಾಸ 10. ವ್ಯಾಟನ್ನು ಈ ವ್ಯತ್ಯಾಸದಿಂದ ಭಾಗಿಸಿ 3.1ರಿಂದ ಗುಣಿಸಿದರೆ ಗಂಟೆಗೆ ನೂರು ಘನ ಮೀಟರ್ ಚಿಲ್ಲರೆ ಗಾಳಿ. ನಮ್ಮ ಊರು ಸಾವಿರ ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಇನ್ನೊಂದು ಶೇಕಡ ಹತ್ತರಷ್ಟು ಸೇರಿಸಬೇಕು. ಫ್ಯಾನ್ ಡಬ್ಬದ ಮೇಲಿನ ಲೆಕ್ಕ ಬರೀ ಬಯಲು ಗಾಳಿಯದ್ದು, ಅಂದರೆ ಎದುರಿಗೆ ಏನೂ ಅಡ್ಡಿ ಇಲ್ಲದಾಗಿನದ್ದು. ಫಿಲ್ಟರ್ ಹಾಕಿದರೆ ಅರ್ಧಕ್ಕಿಂತ ಕೆಳಗೆ ಇಳಿದರೂ ಆಶ್ಚರ್ಯ ಇಲ್ಲ. ಅದಕ್ಕೇ ಫಿಲ್ಟರ್ ಸಮೇತ ಎಷ್ಟು ಕೊಡುತ್ತೆ ಅಂತ ಬರೆದಿರುವ ದೊಡ್ಡ ಫ್ಯಾನ್ ಒಂದನ್ನೇ ತರಿಸಿದೆವು.

ಈಗ ಅದು ಕೆಳಗಿದೆ, ತಣ್ಣನೆ ಗಾಳಿ ಒಳಗೆ ತಳ್ಳುತ್ತೆ. ಎದುರು ಪಕ್ಕದಲ್ಲಿ, ಮೇಲ್ಗಡೆ, ಗಾಳಿ ಹೋಗೋಕೆ ಫಿಲ್ಟರ್ ಇರುವ ಕಿಂಡಿ. ಹಳೇ ತೂತುಗಳಿಗೆ ತಗಡು ಹೊಡೆಸಿದೆವು. ಒಳಗೆ ತಳ್ಳಿದರೆ ಒಳಗಿನ ಒತ್ತಡ ಆಚೆಗಿಂತ ಜಾಸ್ತಿ ಇರುತ್ತೆ, ಸಂದಿಯಿಂದ ಹೊಟ್ಟು ನುಗ್ಗಲ್ಲ. ಬರೀ ಆಚೆ ಎಳೆಯುವ ಫ್ಯಾನ್ ಹಾಕಿದರೆ ಕೇಬಲ್ ತೂತಿನಿಂದೆಲ್ಲ ಹೊಟ್ಟು ಎಳೆದುಕೊಳ್ಳುತ್ತೆ. ಡ್ರೈವ್ ಮೇಲೆತ್ತಿ ಕೂರಿಸಿದ್ದೇವೆ. ಮಧ್ಯಾಹ್ನದ ಟ್ರಿಪ್ ನಿಂತಿದೆ. ಫಿಲ್ಟರ್ ಮಾತ್ರ ದಿನಾ ಸಂಜೆ ಬಿಚ್ಚಿ ಕೊಡವಬೇಕು, ಬಿಟ್ಟರೆ ಹೊಟ್ಟು ಮೆತ್ತಿಕೊಂಡು ಗಾಳಿ ಕಟ್ಟುತ್ತೆ.

ಡಬ್ಬ ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಮಾಡೆಲ್ ನಂಬರ್ ಬಿಲ್‌ನಲ್ಲಿ ಬರೆಸಿ. ಅರ್ಧ ದುಡ್ಡು ಕೈಯಲ್ಲಿಟ್ಟುಕೊಳ್ಳಿ, ಒಂದು ಪೂರ್ತಿ ಮಧ್ಯಾಹ್ನ ಲೋಡ್ ಮೇಲೆ ಓಡಿದ ಮೇಲೆ ಕೊಡಿ. ಆ ಎರಡು ಫ್ಯಾನ್ ನಾನು ಎಸೆದಿಲ್ಲ, ಯೂನಿಟ್‌ನಲ್ಲೇ ಇವೆ. ನೋಡಬೇಕು ಅನ್ನುವವರು ಬನ್ನಿ, ಕೆರೆದ ಲೇಬಲ್ ಸಮೇತ ತೋರಿಸುತ್ತೇನೆ.